ನನ್ನ ‘ರ’ ಒಂದೇ ಥರ ಇರೋದಿಲ್ಲ

ಬೆಳಗಾದರೆ ಸಾಕು, ನಮ್ಮ ಕಡೆಯ ಫೋನುಗಳಿಗೆ ಸುಭಾಷಿತಗಳು ಬರತೊಡಗುತ್ತವೆ. ಹಿಂದೆ ಒಂದು ಸೂರ್ಯೋದಯ, ಮೂಲೆಯಲ್ಲಿ ಒಂದು ಗುಲಾಬಿ, ನಡುವೆ ದಪ್ಪ ಅಚ್ಚಕ್ಷರದಲ್ಲಿ ಒಂದು ನೀತಿ. ಸುರಪುರದ ನೆರೆಮನೆಯವರು ಕಳಿಸಿದ್ದನ್ನೇ ಶಹಾಪುರದ ಗೆಳೆಯರು ಕಳಿಸುತ್ತಾರೆ. ಅದನ್ನೇ ಯಾದಗಿರಿಯ ಬೀಗರು ಮಧ್ಯಾಹ್ನದ ಹೊತ್ತಿಗೆ ಹೊಸದೆಂಬಂತೆ ದಾಟಿಸುತ್ತಾರೆ. ಯಾರೂ ಓದುವುದಿಲ್ಲ. ಎಲ್ಲರೂ ಕೈಮುಗಿದ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ಇವುಗಳ ನಡುವೆ ಯಾರದಾದರೂ ಸ್ವಂತ ಕೈಯಲ್ಲಿ ಬರೆದ ನಾಲ್ಕು ಸಾಲು ಬಂತೆನ್ನಿ, ಬೆರಳು ಅಲ್ಲೇ ನಿಲ್ಲುತ್ತದೆ. ಕಳಿಸಿದವರ ಹೆಸರು ನೋಡುವ ಮೊದಲೇ ಇದು ಇಂಥವರದು ಎಂದು ತಿಳಿದುಬಿಡುತ್ತದೆ. ಏನು ಬರೆದಿದ್ದಾರೆ ಎಂಬುದು ಆಮೇಲೆ. ಬರೆದವರು ಮೊದಲು ಕಾಣುತ್ತಾರೆ.

ನಾನು ಆ ನಾಲ್ಕು ಸಾಲಿನ ಪಂಗಡದವನು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮಗ ಒಂದು ಹೊಸ ಕಾಲದ ಪಾಟಿ ತಂದುಕೊಟ್ಟ. ಬಳಪದ ಬದಲು ಅದಕ್ಕೊಂದು ಪೆನ್ನು, ಪೆನ್ನಿಗೆ ಶಾಯಿಯಿಲ್ಲ. ಒತ್ತಿದರೆ ಗೆರೆ ದಪ್ಪ, ತೇಲಿಸಿದರೆ ತೆಳು. ಅಂಗೈಯನ್ನು ಪರದೆಯ ಮೇಲೆ ಊರಿ ಕುಳಿತರೂ ಅದು ತಕರಾರು ಮಾಡುವುದಿಲ್ಲ, ಪೆನ್ನಿನ ತುದಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ನಾನು ದಿನಾ ಮುಂಜಾನೆ ಚಹಾ ಕುಡಿದು ಒಂದು ಪುಟ ಬರೆಯುತ್ತೇನೆ. ತೊಗರಿಯ ದರ, ನಾರಾಯಣಪುರ ಕಾಲುವೆಯ ನೀರು, ಹಳೆಯ ಹೆಡ್‌ಮಾಸ್ತರರ ಸಿಟ್ಟು, ಮನೆಯಾಕೆಯ ಮೊಣಕಾಲು, ಯಾವುದಾದರೂ ಆದೀತು. ಬರೆದು ಮೂರೂ ಊರಿನ ಗೆಳೆಯರಿಗೆ ಒಮ್ಮೆಗೇ ಕಳಿಸುತ್ತೇನೆ. ಮನೆಯಾಕೆಗೆ ಇದು ಅರ್ಥವಾಗುವುದಿಲ್ಲ. “ಕಾಗದದ ಮ್ಯಾಲ ಬರಿಯೋದು ಬಿಟ್ಟು ಕಾಜಿನ ಮ್ಯಾಲ ಬರೀತೀರಿ, ಬರ್ದಿದ್ದನ್ನ ಮತ್ತ ಕಾಜಿನಾಗೇ ನೋಡ್ತೀರಿ. ನಡುವ ಪೋಸ್ಟ್‌ಮ್ಯಾನ್ ಕೆಲಸಾ ಅಷ್ಟ ಹೋಯ್ತು” ಎನ್ನುತ್ತಾಳೆ.

ಕನ್ನಡವನ್ನು ಕೈಯಲ್ಲಿ ಬರೆಯುವುದರಲ್ಲಿ ಒಂದು ಸುಖವಿದೆ. ಕೀಲಿಮಣೆಯ ಮುಂದೆ ಕೂತರೆ ಒತ್ತಕ್ಷರಕ್ಕೆ ಎಲ್ಲಿ ಕೊಂಡಿ ಒತ್ತಬೇಕು ಎಂದು ಯೋಚಿಸಬೇಕು. ಕೈಗೆ ಆ ಚಿಂತೆಯಿಲ್ಲ. ‘ರಾಷ್ಟ್ರ’ ಎಂದು ಬರೆಯುವಾಗ ಕೈ ತಾನಾಗಿ ಕೆಳಗಿಳಿದು, ಒಂದರಡಿ ಒಂದು ಒತ್ತು ತೂಗುಹಾಕಿ, ಮತ್ತೆ ಸಾಲಿಗೆ ಹತ್ತುತ್ತದೆ. ತಲೆಕಟ್ಟಿನ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ನಮ್ಮ ಗಣಿತದ ಮಾಸ್ತರರು ಸಾಲಿನ ಅಕ್ಷರಗಳನ್ನೆಲ್ಲ ಬೋಳಾಗಿ ಬರೆದು ಮುಗಿಸಿ, ಆಮೇಲೆ ಹಿಂದಕ್ಕೆ ಬಂದು ಎಲ್ಲಕ್ಕೂ ತಲೆಕಟ್ಟು ಹಾಕುತ್ತಿದ್ದರು. ಅವಸರದ ದಿನ ಅರ್ಧ ಸಾಲು ಬೋಳಾಗಿಯೇ ಉಳಿಯುತ್ತಿತ್ತು. ಈಗಲೂ ಅವರು ಕಳಿಸಿದ ಪುಟ ನೋಡಿ ಅಂದು ಅವರಿಗೆ ಅವಸರವಿತ್ತೋ ಇಲ್ಲವೋ ಹೇಳಬಲ್ಲೆ. ಅಚ್ಚಕ್ಷರ ಈ ಸುದ್ದಿ ಕೊಡುವುದಿಲ್ಲ.

ಅಕ್ಷರದ ನಡುವೆ ಚಿತ್ರಕ್ಕೂ ಜಾಗ ಸಿಗುತ್ತದೆ. ಶಹಾಪುರದ ಗುಡ್ಡಗಳ ಸಾಲು ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದಲ್ಲ, ಆ ಹಣೆ, ಮೂಗು, ಎದೆಯನ್ನು ಒಂದೇ ಗೆರೆಯಲ್ಲಿ ಎಳೆದು, ಅದರ ಕೆಳಗೇ ಅಂದಿನ ಬಿಸಿಲಿನ ಸುದ್ದಿ ಬರೆಯಬಹುದು. ಇದು ನಮ್ಮ ಊರಿಗೆ ಹೊಸದೂ ಅಲ್ಲ. ಸುರಪುರದ ನಾಯಕ ಅರಸರ ಕಾಲದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಬಂಗಾರದ ರೇಕಿನ ಚಿತ್ರ ಬರೆದು ಸುರಪುರ ಶೈಲಿ ಎಂಬ ಹೆಸರನ್ನೇ ಉಳಿಸಿದರು. 1841ರಿಂದ 1853ರವರೆಗೆ ಇಲ್ಲಿ ಇಂಗ್ಲಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಲುಚಪ್ಪಡಿ ಗೋರಿಗಳನ್ನು ಅಳೆದು, ಕೈಯಲ್ಲೇ ಚಿತ್ರ ಬರೆದು ಲೋಕಕ್ಕೆ ತೋರಿಸಿದ. ಅವನಿದ್ದ ಟೇಲರ್ ಮಂಜಿಲ್ ಗುಡ್ಡದ ಮೇಲೆ ಈಗಲೂ ಇದೆ. ಊರಿನ ಇಂಥ ಗಾಳಿ ನನ್ನ ಪಾಟಿಗೂ ಸ್ವಲ್ಪ ತಾಗಿರಬೇಕು ಎಂದು ನನ್ನ ಭ್ರಮೆ. ನಾನು ಬರೆದ ಬುದ್ಧನನ್ನು ಮೊಸಳೆ ಎಂದು ಓದಿದ ಗೆಳೆಯರೂ ಇದ್ದಾರೆ.

ನಮ್ಮ ಸೀಮೆಯ ಕೈಬರಹಕ್ಕೆ ಇನ್ನೊಂದು ರುಚಿಯಿದೆ. ಇದು ಹೈದರಾಬಾದ್ ಸಂಸ್ಥಾನದ ನೆಲ. 1948ರ ಸೆಪ್ಟೆಂಬರ್ 17ರವರೆಗೆ ಕಚೇರಿ ಉರ್ದುವಿನಲ್ಲಿ, ಶಾಲೆಯ ದೊಡ್ಡ ತರಗತಿಗಳು ಉರ್ದುವಿನಲ್ಲಿ. ಮನೆ ಮಾತ್ರ ಕನ್ನಡದಲ್ಲಿ. ಪಟವಾರಿಯ ದಫ್ತರದಲ್ಲಿ ಮೋಡಿ ಅಕ್ಷರ ಬೇರೆ. ನಮ್ಮ ಕಾಕಾ ಓದು ಕಲಿತದ್ದು ಆ ಕಾಲದಲ್ಲಿ. ಕನ್ನಡವನ್ನು ಆಮೇಲೆ ತಾನೇ ಕೂತು ಕಲಿತ. ಅವನ ಕನ್ನಡದ ಅಕ್ಷರಗಳು ಬಲದಿಂದ ಎಡಕ್ಕೆ ವಾಲುತ್ತಿದ್ದವು, ಹೊರಟ ಊರಿಗೇ ಮರಳಿ ಹೋಗುತ್ತೇವೆ ಎನ್ನುವ ಹಾಗೆ. ಕಿರಾಣಿ ಚೀಟಿಯಲ್ಲಿ ಸಾಮಾನಿನ ಹೆಸರು ಕನ್ನಡದಲ್ಲಿ, ಅಂಕಿ ಉರ್ದುವಿನಲ್ಲಿ. ಅಂಗಡಿಯ ಸೇಠರಿಗೆ ಅಂಕಿ ಮಾತ್ರ ತಿಳಿಯುತ್ತಿತ್ತು, ಅವರಿಗೆ ಬೇಕಾದದ್ದೂ ಅಷ್ಟೇ. ಆ ಚೀಟಿಗಳನ್ನು ನಾನು ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. ಅಚ್ಚು ಮಾಡಿಸಿದರೆ ಅಲ್ಲಿ ಉಳಿಯುವುದು ಎರಡು ಸೇರು ಬೇಳೆ, ಅರ್ಧ ಸೇರು ಬೆಲ್ಲ. ಒಂದು ಸಂಸ್ಥಾನ ಬಿದ್ದು ಇನ್ನೊಂದು ರಾಜ್ಯ ಎದ್ದ ಸುದ್ದಿ ಇರುವುದು ಅಕ್ಷರದ ವಾಲಿನಲ್ಲಿ.

ಬಲದಿಂದ ಎಡಕ್ಕೆ ಬರೆಯುವ ಚಾಳಿ ನಮ್ಮ ನಾಡಿಗೆ ಕಾಕಾನಿಗಿಂತ ಬಹಳ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಲಿಪಿಕಾರ ಚಪಡ, ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಅದು ವಾಯವ್ಯ ಸೀಮೆಯ ಲಿಪಿ, ಬಲದಿಂದ ಎಡಕ್ಕೆ ಹೋಗುವಂಥದ್ದು. ಅರಸನ ಮಾತು ಅರಸನದು. ಕೈ ಮಾತ್ರ ನನ್ನದು ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಸರಕಾರಿ ನೌಕರ ಗುರುತು ಹಾಕಿ ಹೋದ. ಕರ್ನಾಟಕದಲ್ಲಿ ಹೆಸರು ಗೊತ್ತಿರುವ ಅಷ್ಟು ಹಳೆಯ ಬರಹಗಾರ ಇನ್ನೊಬ್ಬ ಸಿಗುವುದು ಕಷ್ಟ.

ಅಶೋಕನ ಮಾತಿಗೆ ಚಿತ್ರದುರ್ಗದವರೆಗೆ ಹೋಗಬೇಕಿಲ್ಲ. ಶಹಾಪುರದಿಂದ ಭೀಮೆಯ ಕಡೆ ಹೊರಟರೆ ದಂಡೆಯಲ್ಲಿ ಸನ್ನತಿ ಸಿಗುತ್ತದೆ, ಅದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕು. ಅಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲು ನೋಡಿದರೆ ಎರಡೂ ಮೈಗೆ ಅಶೋಕನ ಶಾಸನ! ಮೂರ್ತಿಯನ್ನು ನಿಲ್ಲಿಸಲು ನಟ್ಟನಡುವೆ ತೂತು ಕೊರೆದದ್ದರಿಂದ ಅಲ್ಲಿದ್ದ ಅಕ್ಷರಗಳು ಹೋಗಿವೆ. ಆ ಕಲ್ಲಿನಲ್ಲಿರುವ ಶಾಸನಗಳಲ್ಲಿ ಹದಿನಾಲ್ಕನೆಯದೂ ಒಂದು. ಬರಹ ಕೆಲವೆಡೆ ಉದ್ದವಾಗಿದೆ, ಕೆಲವೆಡೆ ಗಿಡ್ಡವಾಗಿದೆ, ಎಲ್ಲಾದರೂ ಅರೆಬರೆಯಾಗಿದ್ದರೆ ಅದು ಜಾಗದ ಕೊರತೆಯಿಂದಲೋ ಲಿಪಿಕಾರನ ತಪ್ಪಿನಿಂದಲೋ ಆದದ್ದು ಎಂದು ಅರಸ ಅದರಲ್ಲಿ ಮೊದಲೇ ಹೇಳಿಬಿಟ್ಟಿದ್ದಾನೆ. ಕೈಬರಹವನ್ನು ನಂಬಿದ ಎಲ್ಲರೂ ಪುಟದ ಕೆಳಗೆ ಹಾಕಿಕೊಳ್ಳಬೇಕಾದ ಸಾಲು ಇದು. ಆದರೆ ನನ್ನನ್ನು ಹೆಚ್ಚು ಕಾಡುವುದು ತೂತಿನ ಸಂಗತಿ. ಕಲ್ಲು ಅಲ್ಲೇ ಇತ್ತು. ಅದಕ್ಕೆ ಕುಂಕುಮ ಬೀಳುತ್ತಿತ್ತು, ಕಾಯಿಯ ನೀರು ಹರಿಯುತ್ತಿತ್ತು. ಭಕ್ತರು ಅದಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡುತ್ತಿದ್ದರು. ಓದುವುದೊಂದು ಮಾತ್ರ ಯಾರಿಗೂ ಆಗಲಿಲ್ಲ.

ಪರದೆಯ ಮೇಲಿನ ಕೈಬರಹದ ತೊಡಕೂ ಇದೇ. ನನ್ನ ಪುಟ ಗೆಳೆಯರ ಫೋನಿಗೆ ಹೋಗುವುದು ಚಿತ್ರವಾಗಿ. ಯಂತ್ರಕ್ಕೆ ಅದು ಗುಲಾಬಿ ಹೂವಿನ ಚಿತ್ರವಿದ್ದಂತೆಯೇ ಒಂದು ಚಿತ್ರ. ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಜೋಪಾನ ಮಾಡುತ್ತದೆ, ದಾಟಿಸುತ್ತದೆ. ಒಳಗೆ ಏನಿದೆ ಎಂದು ಕೇಳಬೇಡಿ.

ಇದು ನನಗೆ ಮನದಟ್ಟಾದದ್ದು ಶಹಾಪುರದ ಒಬ್ಬ ಗೆಳೆಯರಿಂದ. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಸಂಗೀತದ ಮಾಸ್ತರು. ಅವರ ಫೋನು ಬಂದ ಸಂದೇಶವನ್ನೆಲ್ಲ ಕನ್ನಡದಲ್ಲೇ ಓದಿ ಹೇಳುತ್ತದೆ. ಬ್ಯಾಂಕಿನ ಲೆಕ್ಕ, ಬೀಗರ ಮದುವೆ ಕರೆ, ಪತ್ರಿಕೆಯ ಅಂಕಣ, ಎಲ್ಲವನ್ನೂ. ನನ್ನ ಪುಟ ಬಂದಾಗ ಮಾತ್ರ ‘ಚಿತ್ರ’ ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ. ಒಂದು ದಿನ ಫೋನ್ ಮಾಡಿದರು.

“ಮಾಸ್ತರ್, ದಿನಾ ಮುಂಜಾನಿ ಏನ್ ಚಿತ್ರಾ ಬಿಡಸ್ತೀರಿ?”

“ಚಿತ್ರ ಅಲ್ರೀ, ಬರಹ. ಸ್ವಂತ ಕೈಲೆ ಬರ್ದೀನಿ.”

“ಹೌದಾ? ಮತ್ತ ಮಂದಿ ಎಲ್ಲಾ ‘ಭಾಳ ಛಂದ, ಭಾಳ ಛಂದ’ ಅಂತ ಬರೀತಾರ. ಅವರದು ಫೋನು ಓದ್ತದ. ನಿಮ್ಮದು ಓದಂಗಿಲ್ಲ. ಊಟ ಮಾಡಿದವರ ತೇಗು ಕೇಳ್ಕೋತ ಕುಂತಂಗ ಆಗ್ಯದ ನಂದು.”

ಅವರು ನಗುತ್ತಲೇ ಹೇಳಿದರು, ನಾನೂ ನಕ್ಕೆ. ಆಮೇಲೆ ಪೆನ್ನು ಹಿಡಿದಾಗೆಲ್ಲ ಆ ತೇಗು ಕಿವಿಯಲ್ಲಿ ಕೇಳಿಸತೊಡಗಿತು.

ಒಮ್ಮೆ ಎಣಿಸಲು ಕೂತರೆ ತೊಡಕುಗಳಿಗೇನೂ ಬರವಿಲ್ಲ. ತೂಕವನ್ನೇ ತೆಗೆದುಕೊಳ್ಳಿ. ಟೈಪು ಮಾಡಿದ ಕನ್ನಡದ ಒಂದೊಂದು ಸಂಕೇತವೂ ಈಗಿನ ರೂಢಿಯಲ್ಲಿ 3 ಬೈಟ್ ಜಾಗ ಹಿಡಿಯುತ್ತದೆ. 1,500 ಸಂಕೇತಗಳ ಪುಟವೆಂದರೆ 4,500 ಬೈಟ್. ಅದೇ ಪುಟವನ್ನು ಕೈಯಲ್ಲಿ ಬರೆದು ಚಿತ್ರ ಮಾಡಿದರೆ ಸುಲಭವಾಗಿ ಅದರ ನೂರು ಪಟ್ಟಾಗುತ್ತದೆ. ಯಾದಗಿರಿಯ ರೈಲು ನಿಲ್ದಾಣದ ಹತ್ತಿರ ಇರುವ ಗೆಳೆಯನಿಗೆ ಅದು ಕ್ಷಣದಲ್ಲಿ ಮುಟ್ಟುತ್ತದೆ. ಹುಣಸಗಿ ಕಡೆಯ ಹೊಲದಲ್ಲಿ ನಿಂತವನ ಫೋನಿನಲ್ಲಿ ಗೋಲವೊಂದು ಸುತ್ತುತ್ತಲೇ ಇರುತ್ತದೆ. ಅವನು ಬೇಲಿ ಹಾರಿ, ಬದುವಿನ ಬೇವಿನ ಮರದ ಹತ್ತಿರ ಬಂದು ಫೋನು ಮೇಲೆತ್ತಿ ಹಿಡಿದು ನನ್ನ ಪುಟ ಇಳಿಸಿಕೊಂಡಾಗ, ಅದರಲ್ಲಿ ಇರುವುದು ಮನೆಯಾಕೆಯ ಮೊಣಕಾಲಿನ ಸುದ್ದಿ.

ಹುಡುಕುವುದು ಇನ್ನೊಂದು ಫಜೀತಿ. ರಾಜನಕೋಳೂರಿನ ಬಗ್ಗೆ ಎಂದೋ ಬರೆದಿದ್ದೇನೆ ಎಂಬ ನೆನಪು ಬರುತ್ತದೆ. ಟೈಪು ಮಾಡಿದ್ದರೆ ಊರ ಹೆಸರು ಒತ್ತಿದರೆ ಸಾಕು, ಪುಟ ಎದುರಿಗೆ ಬರುತ್ತಿತ್ತು. ಕೈಬರಹದಲ್ಲಿ ಒಂದೊಂದೇ ಪುಟ ಸರಿಸುತ್ತ ಕೂರಬೇಕು. ಹುಡುಕಲು ಹೋಗಿ ತೊಗರಿಯ ಹಳೆಯ ದರ ಓದುತ್ತ ಮಧ್ಯಾಹ್ನವಾಗುತ್ತದೆ. ಇದನ್ನು ಲಾಭವೆಂದೂ ಹೇಳಬಹುದು. ಆದರೆ ರಾಜನಕೋಳೂರು ಸಿಗುವುದಿಲ್ಲ.

ಇನ್ನು ಊರು ಬಿಟ್ಟವರ ಮಾತು. ನಮ್ಮ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋದ ಮನೆಗಳಿಗೆ ಲೆಕ್ಕವಿಲ್ಲ. ಅಪ್ಪ ಅವ್ವ ನನ್ನ ಕೈಯಕ್ಷರ ಓದುತ್ತಾರೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಬಸ್ಸಿನ ಬೋರ್ಡಿನಷ್ಟು ಬಿಡಿಬಿಡಿ ಕನ್ನಡವನ್ನು ಕಷ್ಟಪಟ್ಟು ಓದಿಯಾರು. ಓಡುವ ಕೈಬರಹದ ಮುಂದೆ ಅವರು ನಿಂತುಬಿಡುತ್ತಾರೆ. ಟೈಪು ಮಾಡಿದ್ದರೆ ಯಂತ್ರವೇ ಓದಿ ಹೇಳುತ್ತಿತ್ತು, ಬೇಕಾದರೆ ಅವರಿಗೆ ತಿಳಿಯುವ ಭಾಷೆಗೂ ತಿರುಗಿಸುತ್ತಿತ್ತು. ಕೈಬರಹ ನನ್ನನ್ನು ಬಲ್ಲವರನ್ನು ಇನ್ನೂ ಹತ್ತಿರ ಕರೆಯುತ್ತದೆ, ಅರಿಯದವರನ್ನು ಬಾಗಿಲ ಹೊರಗೇ ನಿಲ್ಲಿಸುತ್ತದೆ.

ಬೇಕೆಂದೇ ಬಾಗಿಲು ಹಾಕಿಕೊಂಡವರೂ ನಮ್ಮ ಸೀಮೆಯಲ್ಲಿ ಇದ್ದರು. ಕೊಡೇಕಲ್ಲು ಬಸವಣ್ಣನ ಪರಂಪರೆಯ ಕಾಲಜ್ಞಾನದ ಹೊತ್ತಗೆಗಳಿಗೆ ಅಮರಗನ್ನಡ ಎಂಬ ಗೂಢಲಿಪಿಯೇ ಇದೆ. ಮಾತು ಕನ್ನಡ, ಅಕ್ಷರ ಮಾತ್ರ ಒಳಗಿನವರಿಗೆ. ನಾಳೆ ಏನಾಗುತ್ತದೆ ಎಂದು ಹೇಳುವ ಮಾತನ್ನು ಇಂದು ಎಲ್ಲರೂ ಓದಬಾರದು ಎಂದು ಅವರಿಗೆ ಅನ್ನಿಸಿದ್ದರೆ ಅದಕ್ಕೊಂದು ಅರ್ಥವಿದೆ. ನನ್ನ ತೊಗರಿ ದರಕ್ಕೆ ಅಂಥ ಗುಟ್ಟೇನು ಬೇಕು?

ಗುಟ್ಟಿನ ಅಕ್ಷರ ಹೊಟ್ಟೆಯ ಮೇಲೆ ಹೊಡೆದದ್ದೂ ಉಂಟು. ನಮ್ಮ ಓಣಿಯ ರೈತನೊಬ್ಬ ನನ್ನ ಪುಟಗಳನ್ನು ಮೆಚ್ಚುತ್ತಾನೆ, ಆದರೆ ಕೈಬರಹದ ವಿಚಾರ ತೆಗೆದರೆ ಮುಖ ಗಂಟುಹಾಕುತ್ತಾನೆ. ಹಿಂದೆ ಪಹಣಿಯನ್ನು ಕೈಯಲ್ಲೇ ಬರೆಯುತ್ತಿದ್ದರು. ಹೊಲ ನಿಮ್ಮದು, ಹೊಲದ ಹೆಸರು ಮಾತ್ರ ತಲಾಟಿಯ ಕೈಯಲ್ಲಿ. ಅವನು ಒಂದು ಸೊನ್ನೆಗೆ ಬಾಲ ಎಳೆದರೆ ಅದು ಆರೋ ಒಂಬತ್ತೋ ಎಂದು ಕೋರ್ಟಿನಲ್ಲಿ ಜಗಳ. ಅವನ ಅಕ್ಷರ ಅವನೇ ಓದಿ ಹೇಳಬೇಕು, ಓದಿಸಲು ಚಹಾ ಕುಡಿಸಬೇಕು. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ರಾಜ್ಯದ 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಿನ ಪಹಣಿ ಸಿಕ್ಕಿತು. ಕೈಬರಹದ ಪಹಣಿ ನಡೆಯುವುದಿಲ್ಲ ಎಂದಾಯಿತು. ಅಚ್ಚಿನಲ್ಲೂ ತಪ್ಪುಗಳು ಬಂದವು, ತಿದ್ದಿಸಲು ಮತ್ತೆ ಓಡಾಟ ತಪ್ಪಲಿಲ್ಲ. ಆದರೂ ಅವನ ತೀರ್ಪು ತೀರ್ಪೇ. “ನಿಮ್ಮ ಅಕ್ಷರ ಭಾಳ ಛಂದ ಅದಾವ್ರಿ ಸರ್. ಓದಾಕ ಖುಷಿ ಆಗ್ತದ. ಆದ್ರ ನನ್ನ ಹೊಲದ ನಂಬರು ಮಾತ್ರ ಯಾರ ಕೈಯಾಗಿಂದೂ ಬ್ಯಾಡ, ಛಾಪಾದಾಗೇ ಇರ್ಲಿ.”

ಅಚ್ಚಕ್ಷರಕ್ಕೆ ಮುಖವಿಲ್ಲ ಎಂದು ನಾನು ದೂರುತ್ತಿದ್ದೆನಲ್ಲ, ಅವನಿಗೆ ಅದೇ ಅದರ ದೊಡ್ಡ ಗುಣ. ಮುಖವಿಲ್ಲದ್ದಕ್ಕೆ ಯಾರ ಮುಲಾಜೂ ಇಲ್ಲ.

ಎರಡನ್ನೂ ಕೂಡಿಸುವ ಉಪಾಯ ಯಂತ್ರದಲ್ಲೇ ಇದೆಯಂತೆ. ನೀವು ಕೈಯಲ್ಲಿ ಬರೆಯಿರಿ, ಅದು ಟೈಪು ಮಾಡಿಕೊಳ್ಳುತ್ತದೆ. ಆ್ಯಪಲ್ ಕಂಪನಿ 1993ರಲ್ಲಿ ನ್ಯೂಟನ್ ಎಂಬ ಯಂತ್ರ ತಂದಿತು. ಅದು ಬರೆದದ್ದೊಂದು ಓದಿದ್ದೊಂದಾಗಿ ಅಮೆರಿಕದ ಕಾರ್ಟೂನುಗಳಿಗೆಲ್ಲ ಆಹಾರವಾಯಿತು. ಈಗ ಕಾಲ ಮುಂದೆ ಬಂದಿದೆ. ಗೂಗಲ್‌ನವರು 2015ರಲ್ಲಿ ತಂದ ಕೈಬರಹದ ಕೀಲಿಮಣೆ ಕನ್ನಡವನ್ನೂ ಗುರುತಿಸತೊಡಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟಗಳನ್ನು ಓದುವ ‘ಲಿಪಿ ಜ್ಞಾನಿ’ಯನ್ನು ಕಟ್ಟಿದೆ. ಆದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಆಕಾರ ತಾಳುವ ಕನ್ನಡವನ್ನು ಓದುವುದು ಸಣ್ಣ ಕೆಲಸವಲ್ಲ. ಬಿಡಿಸಿ ಬರೆದರೆ ಯಂತ್ರ ಚೆನ್ನಾಗಿಯೇ ಓದುತ್ತದೆ. ನಾನು ನನ್ನ ರೂಢಿಯ ಓಟದಲ್ಲಿ ಬರೆದರೆ ‘ಮ’ಕ್ಕೂ ‘ಯ’ಕ್ಕೂ, ‘ವ’ಕ್ಕೂ ‘ಪ’ಕ್ಕೂ ಗೊಂದಲ ಮಾಡಿಕೊಳ್ಳುತ್ತದೆ. ‘ಕಮಲಮ್ಮ ಬಂದಿದ್ದರು’ ಎಂದು ಬರೆದರೆ ಯಾವ ಊರಿನಲ್ಲೂ ಇಲ್ಲದ ಒಬ್ಬ ಕಯಲಮ್ಮ ಬಂದು ಹೋಗುತ್ತಾಳೆ. ಯಂತ್ರಕ್ಕೆ ತಿಳಿಯಲಿ ಎಂದು ನಾನು ನಿಧಾನವಾಗಿ, ಗುಂಡಗೆ, ಒಂದನೆಯ ಇಯತ್ತೆಯ ಹುಡುಗನ ಹಾಗೆ ಬರೆಯಲು ಕೂತರೆ ಯಂತ್ರ ಗೆದ್ದಿತು, ನನ್ನ ಕೈ ಸೋತಿತು.

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗಳು ದೀಪಾವಳಿಗೆ ಬಂದವಳು ತಿರುವುಮುರುವು ದಾರಿ ಹಿಡಿದಳು. “ಅಜ್ಜಾ, ನಿಮ್ಮ ಅಕ್ಷರದ್ದೇ ಒಂದು ಫಾಂಟ್ ಮಾಡಿಬಿಡ್ತೀನಿ. ಟೈಪ್ ಮಾಡಿದ್ರೂ ನೀವು ಕೈಲೆ ಬರ್ದಂಗೇ ಕಾಣ್ತದ” ಎಂದಳು. ಇಂಗ್ಲಿಷಿಗಾದರೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬರೆದುಕೊಟ್ಟರೆ ಮುಗಿಯಿತು. ಕನ್ನಡಕ್ಕೆ 34 ವ್ಯಂಜನಗಳ ಪೂರಾ ಕಾಗುಣಿತ, ಅದರ ಮೇಲೆ ಒತ್ತುಗಳು. ಮಕ್ಕಳಿಂದ ಕಾಗುಣಿತ ಬರೆಸುತ್ತ ಕೂದಲು ಬೆಳ್ಳಗಾದವನಿಂದ ಈಗ ಮೊಮ್ಮಗಳು ಕಾಗುಣಿತ ಬರೆಸಿದಳು. ಮನೆಯಾಕೆಗೆ ಅಂದಿನಷ್ಟು ಸಂತೋಷ ಎಂದೂ ಆಗಿರಲಿಕ್ಕಿಲ್ಲ.

ಫಾಂಟ್ ಸಿದ್ಧವಾಯಿತು. ಅದರ ಮೊದಲ ಬಳಕೆಯನ್ನು ನನಗೆ ಹೇಳದೆಯೇ ಮಾಡಿದಳು. “ಇಂದು ಸಂಜೆ ನಮ್ಮ ಮನೆಗೆ ಬರಬೇಕು, ಸುಸಲಾ, ಮಿರ್ಚಿ, ಚಹಾ ಉಂಟು” ಎಂದು ಮುಗಿಯುವ ಒಂದು ಉದ್ದನೆಯ ಚೀಟಿ ನನ್ನ ಅಕ್ಷರದಲ್ಲಿ ಸುರಪುರದ ಗೆಳೆಯರಿಗೆಲ್ಲ ಹೋಯಿತು. ಸಂಜೆ ಒಬ್ಬೊಬ್ಬರಾಗಿ ಬಂದು ಪಡಸಾಲೆಯಲ್ಲಿ ಕೂತರು. ನಾನು ಎಲ್ಲರನ್ನೂ ಒಟ್ಟಿಗೆ ನೋಡಿ ಯಾರಿಗೇನಾಯಿತೋ ಎಂದು ಗಾಬರಿಯಾದೆ. ಒಳಗೆ ಎಣ್ಣೆ ಕಾಯುವ ವಾಸನೆ ಬಂದಾಗ ವಿಷಯ ತಿಳಿಯಿತು. ಅಜ್ಜಿ ಮೊಮ್ಮಗಳು ಒಂದೇ ಪಕ್ಷ.

ಮಿರ್ಚಿ ತಿನ್ನುತ್ತ ಎಲ್ಲರೂ ಮೊಮ್ಮಗಳ ಜಾಣ್ಮೆ ಹೊಗಳಿದರು. ನಮ್ಮ ಗಣಿತದ ಮಾಸ್ತರರೊಬ್ಬರೇ ತಲೆಯಾಡಿಸಿದರು. “ನಂಗ ಮುಂಜಾನಿನೇ ಗೊತ್ತಾಗಿತ್ತು ಇದು ನಿಮ್ಮ ಕೈ ಅಲ್ಲ ಅಂತ” ಎಂದರು.

“ಹೆಂಗ್ರೀ?”

“ಆ ಚೀಟ್ಯಾಗ ಇದ್ದ ಎಲ್ಲಾ ‘ರ’ನೂ ಒಂದೇ ಥರ ಅದಾವ. ನಿಮ್ಮವು ಹಂಗಿರಂಗಿಲ್ಲ. ಸಾಲಿನ ಮೊದಲಿನ ‘ರ’ ಗುಂಡಗ, ಕಡೀ ‘ರ’ ಕೈ ಸೋತು ಚಪ್ಪಟ.”

“ಗೊತ್ತಿದ್ದೂ ಬಂದ್ರಲಾ ಮತ್ತ?”

“ಅಕ್ಷರ ಖೊಟ್ಟಿ ಇದ್ರ ಏನಾಯ್ತು, ಮಿರ್ಚಿ ಖರೇ ಇರ್ಬಹುದಲಾ ಅಂತ ಬಂದೆ” ಎಂದು ಇನ್ನೊಂದು ಎತ್ತಿಕೊಂಡರು.

ಕೈಬರಹದ ಮರ್ಮವನ್ನು ಅವರಷ್ಟು ಸರಳವಾಗಿ ಯಾರೂ ನನಗೆ ಹೇಳಿರಲಿಲ್ಲ. ನನ್ನ ‘ರ’ ಇಂಥದ್ದು ಎಂದು ಒಂದು ಮಾದರಿ ಇಲ್ಲ. ಮುಂಜಾನೆಯ ‘ರ’ ಬೇರೆ, ಸಿಟ್ಟಿನ ‘ರ’ ಬೇರೆ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಮೈ ಹಿಡಿಮಾಡಿಕೊಂಡ ‘ರ’ ಬೇರೆ. ಅವು ಒಂದರಂತೊಂದು ಇಲ್ಲದಿರುವುದೇ ನಾನು. ಮಾದರಿಯೊಂದು ಸಿಕ್ಕಿದ ಮೇಲೆ ಅದು ಯಾರ ಕೈಗೆ ಬೇಕಾದರೂ ಹೋಗಬಹುದು, ನನ್ನ ಹೆಸರಿನಲ್ಲಿ ಊರನ್ನೇ ಊಟಕ್ಕೆ ಕರೆಯಬಹುದು. ಸುಸಲಾದ ಕರೆ ಇದ್ದ ಜಾಗದಲ್ಲಿ ನಾಳೆ ಸಾಲದ ಪತ್ರವೂ ಇರಬಹುದು. ಫಾಂಟನ್ನು ಅಳಿಸಿಹಾಕು ಎಂದೆ. ಅಳಿಸಿದೆನೆಂದು ಹೇಳಿದ್ದಾಳೆ.

ಆಮೇಲೆ ನನ್ನ ಪಾಟಿಯ ಮೇಲೂ ಸಂಶಯ ಬಂತು. ಅದರಲ್ಲಿ ಬರೆದದ್ದು ಎಷ್ಟರಮಟ್ಟಿಗೆ ಕೈಬರಹ? ಕಾಗದದಲ್ಲಿ ಒಂದು ಪದ ಬೇಡವಾದರೆ ಅಡ್ಡಗೆರೆ ಹೊಡೆಯುತ್ತಿದ್ದೆವು. ಅದರ ಕೆಳಗೆ ಮೊದಲು ಏನು ಅನ್ನಿಸಿತ್ತು ಎಂಬುದು ಕಾಣುತ್ತಲೇ ಇತ್ತು. ‘ಮೂರ್ಖ’ ಎಂದು ಬರೆದು, ಹೊಡೆದುಹಾಕಿ, ‘ಮಹನೀಯ’ ಎಂದು ತಿದ್ದಿದ ಅರ್ಜಿಗಳನ್ನು ನಾನು ಕಂಡಿದ್ದೇನೆ. ಪರದೆಯಲ್ಲಿ ಒಂದು ಬಾಣದ ಗುರುತು ಒತ್ತಿದರೆ ಬರೆದದ್ದು ಬರೆದೇ ಇಲ್ಲ ಎನ್ನುವಂತೆ ಮಾಯ. ವಾಲಿದ ಸಾಲನ್ನು ಸುತ್ತುಹಾಕಿ ನೆಟ್ಟಗೆ ಎಳೆದಿಡಬಹುದು, ದೊಡ್ಡದಾದ ಅಕ್ಷರ ಕುಗ್ಗಿಸಬಹುದು. ನಮ್ಮ ಕಾಕಾನಿಗೆ ಈ ಪಾಟಿ ಸಿಕ್ಕಿದ್ದರೆ ಅವನ ಅಕ್ಷರಗಳೂ ಎದ್ದು ನೆಟ್ಟಗೆ ನಿಲ್ಲುತ್ತಿದ್ದವು. ಈಗ ನಾನೊಂದು ನೇಮ ಮಾಡಿಕೊಂಡಿದ್ದೇನೆ. ಬಾಣದ ಗುರುತು ಮುಟ್ಟುವುದಿಲ್ಲ. ತಪ್ಪಿದರೆ ಹೊಡೆದುಹಾಕುತ್ತೇನೆ, ಹೊಡೆದದ್ದು ಹೊಡೆದಂತೆಯೇ ಹೋಗುತ್ತದೆ. ಗೆಳೆಯರು ಮೇಲಿನ ಸಾಲಿಗಿಂತ ಹೊಡೆದುಹಾಕಿದ್ದನ್ನೇ ಹೆಚ್ಚು ಕಷ್ಟಪಟ್ಟು ಓದುತ್ತಾರೆಂದು ಕೇಳಿದ್ದೇನೆ.

ಮತ್ತೆ ಶಹಾಪುರದ ಸಂಗೀತದ ಮಾಸ್ತರರ ವಿಷಯಕ್ಕೆ ಬರುತ್ತೇನೆ. ಅವರಿಗಾಗಿ ಬರೆದ ಪುಟದ ಜೊತೆ ಅದನ್ನೇ ಟೈಪು ಮಾಡಿ ಕಳಿಸತೊಡಗಿದೆ. ಕೈಗೆ ಇಂಬಾದ ಕೆಲಸವಲ್ಲ. ಕೆ.ಪಿ. ರಾಯರು ಕೀಲಿಮಣೆಯ ಜೋಡಣೆಯನ್ನು ಎಷ್ಟು ಸುಲಭ ಮಾಡಿಟ್ಟಿದ್ದರೂ ನನ್ನ ಬೆರಳು ಒಂದೊಂದು ಅಕ್ಷರಕ್ಕೂ ಮನೆ ಮನೆ ಹುಡುಕುತ್ತದೆ. ಆದರೂ ಪುಟ ಮುಟ್ಟಿತು. ಅವರ ಫೋನು ಓದಿತು. ಕುತೂಹಲ ತಡೆಯದೆ ನಾನೇ ಕೇಳಿದೆ.

“ಹೆಂಗನಸ್ತದ್ರೀ? ಫೋನಿನ ದನಿ ಎಲ್ಲಾರಿಗೂ ಒಂದೇ. ಬ್ಯಾಂಕಿನವರದ್ದೂ ಅದೇ, ನಂದೂ ಅದೇ. ನಂದು ಅಂತ ಹೆಂಗ ಗೊತ್ತಾಗಬೇಕು?”

“ಗೊತ್ತಾಗ್ತದ ಬಿಡ್ರಿ” ಎಂದರು. “ಹೆಸರು ಹೇಳೋಕಿಂತ ಮೊದ್ಲೇ ಗೊತ್ತಾಗ್ತದ. ಇಷ್ಟುದ್ದ ವಾಕ್ಯ ಈ ಮೂರೂ ಊರಾಗ ಮತ್ತ್ಯಾರು ಬರೀತಾರ? ಫೋನಿಗೇ ದಮ್ಮು ಹತ್ತಿರ್ತದ.”

ಅಕ್ಷರದ ವಾಲು, ಗೆರೆಯ ದಪ್ಪ, ತಲೆಕಟ್ಟು, ಚಪ್ಪಟೆ ‘ರ’ ಇವುಗಳಲ್ಲೇ ನಾನಿದ್ದೇನೆ ಎಂದು ತಿಳಿದಿದ್ದವನಿಗೆ, ಅವು ಯಾವುವೂ ಕಾಣದ ಒಬ್ಬರು ನನ್ನನ್ನು ಗುರುತಿಸಿಬಿಟ್ಟರು. ನಮ್ಮ ತಾಲ್ಲೂಕಿನ ಮುದನೂರಿನ ದಾಸಿಮಯ್ಯನ ಕೈಯಕ್ಷರವನ್ನು ಕಂಡವರು ಇಂದು ಯಾರೂ ಇಲ್ಲ. ನೂರಾರು ವರ್ಷ ಯಾರ್ಯಾರೋ ಓಲೆಯ ಮೇಲೆ ಕೊರೆದರು, ನಕಲು ಮಾಡಿದರು. ವಿಜಯಪುರದ ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ಹೊರತಂದು, ಶರಣರ ಮಾತನ್ನು ಅಚ್ಚಿಗೆ ಏರಿಸಿದರು. ಓಲೆಯಿಂದ ಅಚ್ಚಿಗೆ, ಅಚ್ಚಿನಿಂದ ಪರದೆಗೆ ಬರುವಷ್ಟರಲ್ಲಿ ಎಷ್ಟೋ ಕೈ ಬದಲಾದವು. ಆದರೂ ರಾಮನಾಥಾ ಎಂಬ ಅಂಕಿತ ಬರುವ ಮುಂಚೆಯೇ, ಆ ಗಿಡ್ಡ, ಬಿಗಿ, ನೇಕಾರನ ಮಾತು ಕೇಳಿದೊಡನೆ ಇದು ದಾಸಿಮಯ್ಯನದು ಎನ್ನಬಲ್ಲವರಿದ್ದಾರೆ. ಕೈಬರಹ ಬರೆದವನನ್ನು ಗೆಳೆಯರಿಗೆ ತೋರಿಸುತ್ತದೆ, ಸರಿ. ಗುರುತಿಲ್ಲದವರವರೆಗೆ ಅವನನ್ನು ಮುಟ್ಟಿಸಬೇಕಾದದ್ದು ವಾಕ್ಯ. ಅಲ್ಲಿ ಏನೂ ಇಲ್ಲದಿದ್ದರೆ ಎಂಥ ದುಂಡಕ್ಷರವೂ ಗುಲಾಬಿ ಹೂವಿನ ಸುಭಾಷಿತವೇ.

ಈಗ ಎರಡೂ ನಡೆದಿವೆ. ಮೇಲೆ ಕೈಬರಹದ ಪುಟ, ಕೆಳಗೆ ಅದರ ಟೈಪು. ಊರ ಹೆಸರು, ಇಸವಿ, ತೊಗರಿಯ ದರ ಹುಡುಕುವವರು ಕೆಳಗಿನದನ್ನು ನೋಡಲಿ; ನಾನು ಅಂದು ಎಷ್ಟು ಹೊತ್ತಿಗೆ ಸುಸ್ತಾದೆ ಎಂದು ತಿಳಿಯಬೇಕಾದವರು ಮೇಲಿನದನ್ನು ನೋಡಲಿ. ವಾಕ್ಯಗಳನ್ನು ಸ್ವಲ್ಪ ಗಿಡ್ಡ ಮಾಡಿ ಎಂದು ಮೊಮ್ಮಗಳು ಹೇಳುತ್ತಾಳೆ, ಈಗಿನವರು ಉದ್ದದ್ದು ಓದುವುದಿಲ್ಲವಂತೆ. ಮಾಡುವುದಿಲ್ಲ ಎಂದಿದ್ದೇನೆ. ಅವಳು ಅಳಿಸಿದ್ದಾಗಿ ಹೇಳಿದ ಆ ಫಾಂಟು ಎಲ್ಲಾದರೂ ಉಳಿದಿದ್ದರೆ, ಯಾವುದು ಖೊಟ್ಟಿ ಯಾವುದು ಖರೇ ಎಂದು ಶಹಾಪುರದಲ್ಲಿ ಕೂತು ಹೇಳುವವರಿಗೆ ನನ್ನ ಕಡೆಯಿಂದ ಒಂದು ಪುರಾವೆ ಬೇಕಲ್ಲ.